ಟೀಚರ್ ಹತ್ರ ಕೇಳಿ: ‘ಹೋಲ್ಡಾನ್’ ಗೊತ್ತಿರುವ ಮಕ್ಕಳಿಗೆ ಇಂಗ್ಲಿಷ್ ಆಟ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಚಿಕ್ಕ ಮಕ್ಕಳ ಇಂಗ್ಲಿಷ್ ಬಗ್ಗೆಯೇ ಇವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೊದಲ ಪತ್ರ ಒಬ್ಬ ಅತಿಥಿ ಶಿಕ್ಷಕಿಯದು.

ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದ್ದೇನೆ. ನಲಿ-ಕಲಿ (ಆಟ, ಚಟುವಟಿಕೆಗಳ ಮೂಲಕ ಕಲಿಸುವ) ಕೊಠಡಿ, ಒಂದರಿಂದ ಮೂರನೇ ತರಗತಿವರೆಗೆ ಒಟ್ಟು 26 ಮಕ್ಕಳು. ಎ ಬಿ ಸಿ ಡಿ ಜೋರಾಗಿ ಹೇಳುತ್ತಾರೆ. ಆದರೆ ‘ವಾಟ್ ಈಸ್ ಯುವರ್ ನೇಮ್’ ಅಂತ ಕೇಳಿದರೆ ಎಲ್ಲರೂ ಸೇರಿ ‘ವಾಟ್ ಈಸ್ ಯುವರ್ ನೇಮ್’ ಅಂತ ನನ್ನನ್ನೇ ಕೇಳುತ್ತಾರೆ! ಆಟದ ಮೂಲಕ ಕಲಿಸಿ ಅನ್ನುತ್ತಾರೆ. ಯಾವ ಆಟ ಆಡಿಸಲಿ?

ಓದಿ ನಗು ಬಂತು ಟೀಚರ್, ಯಾಕಂದ್ರೆ ನನ್ನ ಕತೆಯೂ ಇದೇ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾಗಿದ್ದು 2007-08ರಲ್ಲಿ. ಆ ವರ್ಷ ನಾನು ‘ಸ್ಟ್ಯಾಂಡ್ ಅಪ್, ಸಿಟ್ ಡೌನ್’ ಚೆನ್ನಾಗಿ ಕಲಿಸಿಬಿಟ್ಟೆ ಅಂತ ಬೀಗುತ್ತಿದ್ದೆ. ಒಂದು ದಿನ ಎರಡೂ ಕೈಯಲ್ಲಿ ಹಾಜರಿ ಪುಸ್ತಕ, ಸ್ಲೇಟುಗಳ ಕಟ್ಟು ಹಿಡಿದುಕೊಂಡೇ ‘ಸಿಟ್ ಡೌನ್’ ಅಂದೆ. ಒಬ್ಬರೂ ಕೂರಲಿಲ್ಲ. ಮಕ್ಕಳು ಇಷ್ಟು ದಿನ ನೋಡುತ್ತಿದ್ದುದು ನನ್ನ ಕೈಯನ್ನು, ಕೇಳುತ್ತಿದ್ದುದು ನನ್ನ ಮಾತನ್ನಲ್ಲ. ಅವತ್ತಿನಿಂದ ಒಂದು ಪರೀಕ್ಷೆ ಇಟ್ಟುಕೊಂಡೆ. ಮಾತು ಅರ್ಥವಾಗದಿದ್ದರೆ ಆಟ ಮುಂದೆ ಹೋಗಬಾರದು. ಹಾಗಿದ್ದರೆ ಮಾತ್ರ ಅದು ಇಂಗ್ಲಿಷ್ ಆಟ. ಇಲ್ಲದಿದ್ದರೆ ಬರೀ ಆಟ, ಅದೂ ಒಳ್ಳೆಯದೇ ಅನ್ನಿ.

ಮೊದಲು ಬಸ್ ಆಟದಿಂದ ಶುರು ಮಾಡಿ. ನಿಮ್ಮ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಅಂದುಕೊಂಡಿದ್ದೀರಿ, ಆದರೆ ಬಸ್ಸಲ್ಲಿ ಕಂಡಕ್ಟರ್ ‘ಹೋಲ್ಡಾನ್’ ಅಂದರೆ ನಿಲ್ಲುತ್ತದೆ, ‘ರೈಟ್ ರೈಟ್’ ಅಂದರೆ ಹೊರಡುತ್ತದೆ ಅಂತ ಮೂರು ವರ್ಷದ ಕೂಸಿಗೂ ಗೊತ್ತು. ಆರೇಳು ಮಕ್ಕಳು ಒಬ್ಬರ ಹೆಗಲು ಒಬ್ಬರು ಹಿಡಿದು ನಿಂತರೆ ಅದೇ ಬಸ್. ಹಿಂದಿರುವವನು ಕಂಡಕ್ಟರ್. ಮೊದಲ ದಿನ ಬರೀ ಹೋಲ್ಡಾನ್ ಮತ್ತು ರೈಟ್. ಎರಡನೇ ದಿನ ‘ಸ್ಲೋ’, ‘ಫಾಸ್ಟ್’. ಆಮೇಲೆ ‘ಟರ್ನ್ ಲೆಫ್ಟ್’, ‘ಟರ್ನ್ ರೈಟ್’. ಇಲ್ಲಿ ಒಂದು ಗೊಂದಲ ಬಂದೇ ಬರುತ್ತದೆ. ಕಂಡಕ್ಟರ್ ‘ರೈಟ್’ ಅಂದಾಗ ಬಸ್ ಮುಂದೆ ಹೋಗಬೇಕೋ ಬಲಕ್ಕೆ ತಿರುಗಬೇಕೋ? ಮಕ್ಕಳು ಜಗಳಕ್ಕೆ ಬೀಳುತ್ತಾರೆ. ಬೀಳಲಿ ಬಿಡಿ, ‘ಟರ್ನ್’ ಅನ್ನುವ ಪದ ಯಾಕೆ ಬೇಕು ಅಂತ ನೀವು ಹೇಳುವುದೇ ಬೇಡ. ವಾರ ಕಳೆದ ಮೇಲೆ ಬಾಗಿಲ ಹತ್ತಿರ ಒಂದು, ಕಿಟಕಿ ಹತ್ತಿರ ಒಂದು ಸ್ಟಾಪ್ ಮಾಡಿ, ಪ್ರಯಾಣಿಕರನ್ನು ಹತ್ತಿಸಿ. ‘ಹೌ ಮೆನಿ?’ ‘ಟೂ ಟಿಕೆಟ್ಸ್ ಪ್ಲೀಸ್.’ ‘ವೇರ್?’ ‘ಹಾವೇರಿ.’ ಹರಿದ ಕ್ಯಾಲೆಂಡರಿನ ತುಂಡುಗಳೇ ಟಿಕೆಟ್. ಎಷ್ಟು ಬೇಕು ಅಂತ ಹೇಳದಿದ್ದರೆ ಟಿಕೆಟ್ ಇಲ್ಲ. ಬಾಯಿ ಬಿಡದ ಮಕ್ಕಳೂ ಟಿಕೆಟ್‌ಗಾಗಿ ಬಾಯಿ ಬಿಡುತ್ತಾರೆ, ನೋಡ್ತಾ ಇರಿ.

ಎರಡನೆಯದು ಕೆರೆ-ದಡ. ಇದನ್ನು ನಾನು ಹೇಳಿಕೊಡಬೇಕಿಲ್ಲ, ನೆಲದ ಮೇಲೆ ಒಂದು ಗೆರೆ, ಈ ಕಡೆ ಕೆರೆ, ಆ ಕಡೆ ದಡ. ಕೆರೆ ಬದಲು ‘ವಾಟರ್’, ದಡದ ಬದಲು ‘ಲ್ಯಾಂಡ್’ ಅನ್ನಿ. ಇದು ಪಳಗಿದ ಮೇಲೆ ಆ ಎರಡು ಪದ ಬಿಟ್ಟು ಪ್ರಾಣಿಗಳ ಹೆಸರು ಕೂಗಿ. ‘ಫಿಶ್’ ಅಂದರೆ ಕೆರೆಗೆ ಹಾರಬೇಕು, ‘ಗೋಟ್’ ಅಂದರೆ ದಡಕ್ಕೆ. ನಾನೊಮ್ಮೆ ಬೇಕಂತಲೇ ‘ಫ್ರಾಗ್’ ಅಂದೆ. ಅರ್ಧ ಮಕ್ಕಳು ಈ ಕಡೆ, ಅರ್ಧ ಆ ಕಡೆ, ಒಬ್ಬಳು ಮಾತ್ರ ಗೆರೆಯ ಎರಡೂ ಕಡೆ ಒಂದೊಂದು ಕಾಲಿಟ್ಟು ನಿಂತು ‘ಎರಡೂ ಸರಿ ಅಲ್ವಾ ಮಿಸ್’ ಅಂದಳು. ಅವಳು ಅಂದದ್ದು ಕನ್ನಡದಲ್ಲಿ, ಆದರೆ ‘ಫ್ರಾಗ್’ ಅನ್ನುವುದು ಅವಳಿಗೆ ಎಷ್ಟು ಪಕ್ಕಾ ಅರ್ಥವಾಗಿತ್ತು ಅನ್ನುವುದಕ್ಕೆ ಬೇರೆ ಪರೀಕ್ಷೆ ಬೇಕೇ?

ಗಮನಿಸಿದಿರಾ, ಈ ಆಟದಲ್ಲಿ ಮಕ್ಕಳು ಮಾತೇ ಆಡುವುದಿಲ್ಲ. ತಪ್ಪೇನಿಲ್ಲ. ಹೇಳಿದ್ದನ್ನು ಕೇಳಿ ಮೈಯಿಂದ ಮಾಡಿ ತೋರಿಸುವುದರಿಂದಲೇ ಭಾಷೆ ಕಲಿಸುವ ಪದ್ಧತಿಯೊಂದಿದೆ, 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ರೂಪಿಸಿದ್ದು. ಮನೆಯ ಮಗುವೂ ಅಷ್ಟೇ, ‘ಬಾ’, ‘ತಗೋ’, ‘ಬೇಡ’ ಎಲ್ಲ ಅರ್ಥ ಮಾಡಿಕೊಂಡು ಎಷ್ಟೋ ತಿಂಗಳಾದ ಮೇಲೆ ತಾನೇ ಮಾತಾಡುವುದು. ಶಾಲೆಯಲ್ಲಿ ಮಾತ್ರ ಸೋಮವಾರ ಕೇಳಿದ್ದನ್ನು ಮಂಗಳವಾರ ಹೇಳಬೇಕು ಅಂತ ನಾವು ಆತುರ ಮಾಡುತ್ತೇವೆ.

ಇನ್ನೊಂದು ಮಾತು, ಇದು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ‘ಔಟ್’ ಮಾಡಬೇಡಿ. ತಪ್ಪು ಮಾಡಿದವರನ್ನು ಆಟದಿಂದ ಹೊರಗೆ ಕೂರಿಸಿದರೆ ಮೊದಲು ಹೊರಗೆ ಹೋಗುವುದು ಯಾರು? ಯಾರಿಗೆ ಅಭ್ಯಾಸ ಜಾಸ್ತಿ ಬೇಕೋ ಅವರೇ. ಕೊನೆಗೆ ಉಳಿಯುವುದು ಮೊದಲೇ ಎಲ್ಲ ಬರುವ ಇಬ್ಬರು, ಉಳಿದ 24 ಮಂದಿ ಗೋಡೆಗೆ ಒರಗಿ ಪ್ರೇಕ್ಷಕರು. ತಪ್ಪಿದವರು ನಿಮ್ಮ ಪಕ್ಕ ಬಂದು ಮುಂದಿನ ಪದ ಕೂಗಲಿ. ಕೂಗಲು ಪದ ಬೇಕು ಅಂತ ಅವರು ನಿಮ್ಮ ಕಿವಿಯಲ್ಲಿ ಕೇಳುತ್ತಾರೆ, ನೀವು ಪಿಸುಗುಟ್ಟುತ್ತೀರಿ. ಪಾಠ ಆಗಿಹೋಯಿತು.

ತರಬೇತಿಯಲ್ಲಿ ‘ಇಂಗ್ಲಿಷ್ ಅವಧಿಯಲ್ಲಿ ಒಂದು ಪದ ಕನ್ನಡ ಬರಬಾರದು’ ಅಂದರು. ಆಟದ ನಿಯಮ ಇಂಗ್ಲಿಷಿನಲ್ಲಿ ಹೇಳಿದರೆ ಮಕ್ಕಳು ಕಣ್ಣು ಕಣ್ಣು ಬಿಡುತ್ತಾರೆ. (ಇನ್ನೊಂದು ಪ್ರಶ್ನೆ)

ನಿಯಮ ಕನ್ನಡದಲ್ಲೇ ಹೇಳಿ. ಎರಡು ನಿಮಿಷದಲ್ಲಿ ಮುಗಿಯುತ್ತದೆ, ಉಳಿದ ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ಆಡಬಹುದು. ಇಂಗ್ಲಿಷಿನಲ್ಲೇ ವಿವರಿಸಲು ಹೋದರೆ ಲೆಕ್ಕ ಉಲ್ಟಾ ಆಗುತ್ತದೆ. ಆದರೆ ‘ಗೋಟ್, ಗೋಟ್ ಅಂದ್ರೆ ಮೇಕೆ’ ಅಂತ ಪ್ರತಿ ಪದಕ್ಕೂ ಬಾಲ ಅಂಟಿಸಬೇಡಿ. ಹಿಂದೆಯೇ ಮೇಕೆ ಬರುತ್ತದೆ ಅಂತ ಗೊತ್ತಾದರೆ ಗೋಟ್ ಯಾರು ಕೇಳಿಸಿಕೊಳ್ಳುತ್ತಾರೆ?

ನನ್ನ ಮಗಳು ಶಿವಮೊಗ್ಗದಲ್ಲಿ ಯುಕೆಜಿ. ಇಪ್ಪತ್ತು ರೈಮ್ಸ್ ಬಾಯಿಪಾಠ. ಆದರೆ ಇಂಗ್ಲಿಷಿನಲ್ಲಿ ನೀರು ಕೇಳಲೂ ಬರುವುದಿಲ್ಲ. ಮನೆಯಲ್ಲಿ ಕನ್ನಡ ನಿಲ್ಲಿಸಬೇಕಾ?

ದಯವಿಟ್ಟು ನಿಲ್ಲಿಸಬೇಡಿ. ಮೊದಲು ನಿಲ್ಲಿಸಬೇಕಾದ್ದು ನೆಂಟರು ಬಂದಾಗ ‘ಅಂಕಲ್‌ಗೆ ರೈಮ್ಸ್ ಹೇಳು ಪುಟ್ಟಾ’ ಅನ್ನುವುದನ್ನು. ಮಗು ಸೋಫಾ ಹಿಂದೆ ಅಡಗುತ್ತದೆ, ಅಮ್ಮನ ಮುಖ ಸಣ್ಣಗಾಗುತ್ತದೆ, ಇಂಗ್ಲಿಷ್ ಅಂದರೆ ಯಾರದೋ ಮುಂದೆ ಮಾಡಬೇಕಾದ ಸರ್ಕಸ್ಸು ಅಂತ ಮನಸ್ಸಿನಲ್ಲಿ ಕೂತುಬಿಡುತ್ತದೆ.

ಸಂಜೆ ತರಕಾರಿ ಹೆಚ್ಚುವಾಗ ಅಂಗಡಿ ಆಟ ಆಡಿ. ಅವಳು ಅಂಗಡಿಯವಳು, ನೀವು ಗಿರಾಕಿ. ‘ಗಿವ್ ಮಿ ಟೂ ಆನಿಯನ್ಸ್.’ ಮೂರು ಕೊಟ್ಟರೆ ‘ನೋ, ಟೂ!’ ನಾಲ್ಕು ದಿನ ಬಿಟ್ಟು ಪಾತ್ರ ಬದಲಿಸಿ, ಆಗ ನೀವು ಬೇಕಂತಲೇ ತಪ್ಪು ಕೊಡಿ. ಅಮ್ಮನನ್ನು ತಿದ್ದುವುದಕ್ಕಿಂತ ಖುಷಿ ಮಗುವಿಗೆ ಇನ್ನೊಂದಿಲ್ಲ. ಇನ್ನು ಬೀದಿಯಲ್ಲಿ ಮಕ್ಕಳು ಆಡುವ ‘ಕಲರ್ ಕಲರ್, ವಿಚ್ ಕಲರ್ ಡು ಯು ವಾಂಟ್’ ನೋಡಿರುತ್ತೀರಿ. ಬಣ್ಣ ಕೂಗಿದ ಕೂಡಲೇ ಓಡಿ ಆ ಬಣ್ಣ ಮುಟ್ಟಬೇಕು. ಅದು ಯಾವ ಪಠ್ಯಪುಸ್ತಕಕ್ಕೂ ಕಡಿಮೆ ಇಲ್ಲ. ಹೋಮ್‌ವರ್ಕ್ ಬಿಡಿಸಿಯಾದರೂ ಕಳಿಸಿ.

ಎ ಬಿ ಸಿ ಡಿ ಬರೆಯುವುದನ್ನು ಮೊದಲು ಕಲಿಸಬೇಕೋ, ಮಾತೋ? (ತುಮಕೂರಿನ ಶಿಕ್ಷಕರು)

ಮಾತು ಮೊದಲು ಸರ್. ಅಕ್ಷರ ಶುರು ಮಾಡುವಾಗಲೂ ಹೆಸರಿಗಿಂತ ಸದ್ದು ಮುಖ್ಯ. ನಮ್ಮ ಕನ್ನಡದಲ್ಲಿ ‘ಕ’ ಅಕ್ಷರದ ಹೆಸರೂ ಕ, ಸದ್ದೂ ಕ. ಇಂಗ್ಲಿಷಿನಲ್ಲಿ ಹಾಗಿಲ್ಲವಲ್ಲ. ‘ಸೀ’ ಅಂತ ಹೇಳಿಕೊಟ್ಟು ‘ಕ್ಯಾಟ್’ ಓದು ಅನ್ನುತ್ತೇವೆ. ಇನ್ನು ‘ಡಬ್ಲ್ಯೂ’! ಆ ಹೆಸರಿನ ಆರಂಭದಲ್ಲಿ ‘ವ’ ಎಲ್ಲಿದೆ ಹೇಳಿ. ಇರುವುದು 26 ಅಕ್ಷರ, ಸದ್ದುಗಳು ಸುಮಾರು 44. ಎಸ್, ಎ, ಟಿ, ಪಿ, ಐ, ಎನ್ ಈ ಆರರಿಂದ ಶುರು ಮಾಡಿದರೆ ಟ್ಯಾಪ್, ಪಿನ್, ಟಿನ್, ಪ್ಯಾನ್, ಆಂಟ್ ಎಲ್ಲ ಎರಡನೇ ವಾರಕ್ಕೇ ಓದಿಸಬಹುದು. ಆಟ ಬೇಕಿದ್ದರೆ ಬಿಸ್ಕತ್ತು, ಸೋಪಿನ ಖಾಲಿ ಕವರ್ ತರಲು ಹೇಳಿ. ಪಾರ್ಲೆ-ಜಿ ಕವರ್ ಮೇಲಿನ ‘ಜಿ’ ಕಂಡುಹಿಡಿಯದ ಮಗುವನ್ನು ನಾನಿನ್ನೂ ನೋಡಿಲ್ಲ.

ಕಲಬುರಗಿ ಕಡೆಯ ನಮ್ಮ ಮಕ್ಕಳು ‘ಇಸ್ಕೂಲ್’, ‘ಇಸ್ಟೂಲ್’ ಅಂತಾರೆ. ಬಸ್ ಅನ್ನುವುದು ಬಸ್ಸು, ಬುಕ್ ಅನ್ನುವುದು ಬುಕ್ಕು. ತಿದ್ದಿ ತಿದ್ದಿ ಸಾಕಾಗಿದೆ.

ಬಸ್ಸು, ಬುಕ್ಕು ಅನ್ನುವುದು ರೋಗವಲ್ಲರಿ, ನಮ್ಮ ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ, ಬಾಯಿಗೆ ಅದೇ ರೂಢಿ. ಕನ್ನಡದಲ್ಲಿ ಮಾತಾಡುವಾಗ ಹಾಗೇ ಅನ್ನಲಿ. ಇಂಗ್ಲಿಷ್ ಹೊತ್ತಿನಲ್ಲಿ ಮಾತ್ರ ‘ಉ ಕಳ್ಳ’ ಆಟ ಆಡಿಸಿ. ನೀವು ‘ಬಸ್ಸು’ ಅಂದರೆ ಕಳ್ಳ ಸಿಕ್ಕಿದ, ಚಪ್ಪಾಳೆ ಹೊಡೆಯಬೇಕು. ‘ಬಸ್’ ಅಂದರೆ ಸುಮ್ನೆ ಕೂರಬೇಕು. ‘ಇಸ್ಕೂಲ್’ಗೆ ಹಾವಿನ ಆಟ ಇದೆ. ಒಬ್ಬ ಹಾವಾಗಿ ‘ಸ್‌ಸ್‌ಸ್’ ಅಂತ ಎಳೆಯುತ್ತಾ ಬರಬೇಕು, ಎದುರಿನವನು ‘ಕೂಲ್’ ಅನ್ನಬೇಕು. ಇಬ್ಬರೂ ದಿನ ದಿನ ಹತ್ತಿರ ಬರುತ್ತಾ ಕೊನೆಗೆ ಮುಟ್ಟಿದರೆ ‘ಸ್ಕೂಲ್’. ನಮ್ಮ ಮೈಸೂರು ಕಡೆ ಇದಕ್ಕಿಂತ ಬೇರೆ ತಾಪತ್ರಯ, ಹಾಲು ‘ಆಲು’ ಆದಂತೆ ‘ಹ್ಯಾಟ್’ ‘ಆ್ಯಟ್’ ಆಗುತ್ತದೆ. ಅಂಗೈಯನ್ನು ಬಾಯಿ ಮುಂದೆ ಹಿಡಿಯಲು ಹೇಳಿ, ‘ಹ’ ಅಂದರೆ ಬಿಸಿ ಗಾಳಿ ತಾಗುತ್ತದೆ. ಮಕ್ಕಳಿಗೆ ಇದು ಮ್ಯಾಜಿಕ್ ಇದ್ದಂತೆ.

ಆಟ ಆಡಿಸಿದರೆ ಪಕ್ಕದ ತರಗತಿಯವರು ಗಲಾಟೆ ಅಂತ ದೂರು ಕೊಡುತ್ತಾರೆ.

ಕೊಡುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯ ಹೆಸರಿನಲ್ಲೇ ಮೊದಲು ‘ನಲಿ’ ಇದೆ ಅಂತ ಅವರಿಗೆ ನೆನಪಿಸಿ. ಜೊತೆಗೆ ಒಂದು ಗಂಟೆಯನ್ನೂ ಇಟ್ಟುಕೊಳ್ಳಿ. ಬಸ್ಸಿನ ಲೆಕ್ಕವೇ, ಒಂದು ಬೆಲ್ ಆದರೆ ಇದ್ದಲ್ಲೇ ಗಪ್‌ಚುಪ್, ಎರಡು ಬೆಲ್ ಆದರೆ ಮುಂದುವರಿಸಿ.

ಚಾರ್ಟು, ಫ್ಲ್ಯಾಶ್‌ಕಾರ್ಡ್ ಕೊಳ್ಳಲು ದುಡ್ಡಿಲ್ಲ. ಖರ್ಚಿಲ್ಲದ ಒಂದೇ ಒಂದು ಆಟ ಹೇಳಿ.

ಚೌಕಾಬಾರ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜದ ಒಂದೊಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿಕೊಳ್ಳಿ. ಒಂದು ಬಿಳಿ ಬಿದ್ದರೆ ‘ವನ್’, ಎರಡು ಬಿದ್ದರೆ ‘ಟೂ’, ನಾಲ್ಕೂ ಬಿದ್ದರೆ ‘ಫೋರ್’, ಒಂದೂ ಬೀಳದಿದ್ದರೆ ‘ಏಟ್’. ಇಂಗ್ಲಿಷಿನಲ್ಲಿ ಹೇಳದೆ ಕಾಯಿ ನಡೆಸುವ ಹಾಗಿಲ್ಲ. ಎದುರಾಳಿಯ ಕಾಯಿ ಕಡಿದರೆ ‘ಗೋ ಹೋಮ್’ ಅನ್ನಬೇಕು. ಇದನ್ನು ಮಕ್ಕಳು ಒಂದೇ ಸಲಕ್ಕೆ ಕಲಿಯುತ್ತಾರೆ, ಯಾಕೆ ಅಂತ ನಿಮಗೇ ಗೊತ್ತು. 25 ಮನೆಯ ಚೌಕ ಬರೆಯಲು ಒಂದು ತುಂಡು ಸೀಮೆಸುಣ್ಣ ಸಾಕು. ಬಿಸಿಯೂಟ ಬಡಿಸುವ ಜಾಗದಲ್ಲಿ ಮಾತ್ರ ಬರೆಯಬೇಡಿ, ಅಡುಗೆಯವರಿಂದ ನಾನು ಬೈಸಿಕೊಂಡಿದ್ದೇನೆ.