ಕಣ ಹೋದಲ್ಲೆಲ್ಲ ಕ್ಯಾನ್ಸರ್ ಇರುವುದಿಲ್ಲ

ಓದುಗರ ಪ್ರಶ್ನೆಗೆ ಬೆಳಗಾವಿಯ ರೇಡಿಯಾಲಜಿ ತಜ್ಞರ ಉತ್ತರ

ಈ ಸಲದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಾಟ್ಸ್ಆ್ಯಪ್ ಸಂದೇಶದ ಮಕ್ಕಳು. "ನ್ಯಾನೋ ಕಣ ರಕ್ತಕ್ಕೆ ಬಿಟ್ಟರೆ ಕ್ಯಾನ್ಸರ್ ಮೈಯಲ್ಲಿ ಎಲ್ಲಿದ್ದರೂ ಬೆಳಗುತ್ತದೆ, ತುಣುಕು ತೆಗೆಯುವ ಬಯಾಪ್ಸಿ ಬೇಕಾಗಿಲ್ಲ" ಎಂದು ಅದರಲ್ಲಿದೆ. ನನಗೂ ಮೂರು ಕಡೆಯಿಂದ ಬಂತು. ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ.

"ನಮ್ಮವ್ವಗ 58 ವರ್ಷ. ಎಡಗಡೆ ಎದಿಯಾಗ ಗಂಟಾಗಿತ್ತು, ಬಯಾಪ್ಸಿಯೊಳಗ ಕ್ಯಾನ್ಸರ್ ಅಂತ ಬಂದೈತಿ. ಮುಂದಿನ ವಾರ ಆಪರೇಶನ್ ಐತ್ರಿ. ನಮ್ಮ ಮಾವ ಆ ಮೆಸೇಜ್ ತೋರಿಸಿ, ಆಪರೇಶನ್ ಮುಂದ ಹಾಕ್ರಿ, ಮೊದಲ ಮುಂಬೈಗೆ ಹೋಗಿ ನ್ಯಾನೋ ಸ್ಕ್ಯಾನ್ ಮಾಡಿಸೂಣು ಅನ್ನಾಕತ್ತಾರ. ಏನ್ ಮಾಡೂದ್ರಿ?" – ಗೋಕಾಕದ ಓದುಗರು

ಮುಂದೆ ಹಾಕಬೇಡಿ. ನಿಮ್ಮ ಮಾವನವರಿಗೆ ಇಷ್ಟು ಹೇಳಿ: ಅವ್ವನವರಿಗೆ ಇಲ್ಲೇ ನ್ಯಾನೋ ಕಣ ಹಾಕುವ ಸಾಧ್ಯತೆ ಇದೆ, ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ ಅಷ್ಟೇ.

ಎದೆಯ ಕ್ಯಾನ್ಸರ್ ಹೊರಗೆ ಹರಡುವಾಗ ಸಾಮಾನ್ಯವಾಗಿ ಮೊದಲು ಮುಟ್ಟುವುದು ಕಂಕುಳಲ್ಲಿರುವ ದುಗ್ಧಗ್ರಂಥಿಗಳನ್ನು. ಹಿಂದೆ ಕಂಕುಳ ಗ್ರಂಥಿಗಳನ್ನೆಲ್ಲ ಸಾರಾಸಗಟಾಗಿ ತೆಗೆಯುತ್ತಿದ್ದರು. ಎಷ್ಟೋ ಹೆಣ್ಣುಮಕ್ಕಳ ಕೈ ಆಮೇಲೆ ಬಾತು, ಬಳೆ ಏರದೆ, ರೊಟ್ಟಿ ಬಡಿಯಲೂ ಆಗದೆ ಉಳಿಯಿತು. 1990ರ ದಶಕದಲ್ಲಿ ಶಸ್ತ್ರವೈದ್ಯರು ಬೇರೆ ದಾರಿ ಕಂಡುಕೊಂಡರು. ಊರಿಗೆ ಅಗಸಿ ಇದ್ದ ಹಾಗೆ ಕಂಕುಳಿಗೂ ಒಂದು ಅಗಸಿ ಇದೆ. ಎದೆಯಿಂದ ಹೊರಟ ದುಗ್ಧರಸ ಮೊದಲು ಹಾಯುವ ಒಂದೆರಡು ಗ್ರಂಥಿಗಳೇ ಆ ಅಗಸಿ. ದವಾಖಾನೆಯಲ್ಲಿ ಅದಕ್ಕೆ ಸೆಂಟಿನೆಲ್ ನೋಡ್ ಅನ್ನುತ್ತಾರೆ. ಅಗಸಿಯಲ್ಲೇ ಕ್ಯಾನ್ಸರ್ ಇಲ್ಲವೆಂದರೆ ಒಳಗಿನ ಮನೆಗಳನ್ನು ಜಾಲಾಡುವ ಕೆಲಸ ಬಹುಮಟ್ಟಿಗೆ ಉಳಿಯುತ್ತದೆ.

ಅಗಸಿ ಎಲ್ಲಿದೆ ಎಂದು ತೋರಿಸುವುದೇ ಕಣದ ಕೆಲಸ. ಟೆಕ್ನೀಷಿಯಂ-99ಎಂ ಎಂಬ ವಿಕಿರಣ ವಸ್ತುವನ್ನು ಅಂಟಿಸಿದ ಕೊಲಾಯ್ಡ್ (ಅತಿ ಸಣ್ಣ ಕಣಗಳು ತೇಲುವ ದ್ರವ) ಅನ್ನು ಮೊಲೆತೊಟ್ಟಿನ ಸುತ್ತಲ ಕಪ್ಪು ಭಾಗದ ಹತ್ತಿರ ಸಣ್ಣ ಸೂಜಿಯಿಂದ ಚುಚ್ಚುತ್ತಾರೆ. ಅದರ ಕಣಗಳು ಹೆಚ್ಚಾಗಿ 100 ನ್ಯಾನೋಮೀಟರಿನ ಆಸುಪಾಸು ಅಥವಾ ಅದಕ್ಕಿಂತ ಚಿಕ್ಕವು. ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್ ಅಂದರೆ ಅಂದಾಜು ಸಿಕ್ಕೀತು. ಈ ಅಳತೆಯಲ್ಲೇ ಇಡೀ ಜಾಣತನವಿದೆ. ಕಣ ತೀರಾ ಸಣ್ಣದಾದರೆ ಅಗಸಿಯಲ್ಲಿ ನಿಲ್ಲದೆ ಮುಂದಕ್ಕೆ ಓಡುತ್ತದೆ, ದೊಡ್ಡದಾದರೆ ಚುಚ್ಚಿದಲ್ಲೇ ಕುಳಿತುಬಿಡುತ್ತದೆ. ನಡುವಿನ ಗಾತ್ರದ್ದು ರಸದ ಜೊತೆ ಹರಿದು ಗ್ರಂಥಿಗೆ ಬರುತ್ತದೆ. ಅಲ್ಲಿನ ಭಕ್ಷಕ ಕೋಶಗಳು ಅದನ್ನು ನುಂಗಿ ಹಿಡಿದಿಡುತ್ತವೆ. ಟೆಕ್ನೀಷಿಯಂ 6 ತಾಸಿಗೊಮ್ಮೆ ಅರ್ಧವಾಗುತ್ತ ಹೋಗುವುದರಿಂದ ಮರುದಿನಕ್ಕೆ ಉಳಿಯುವುದು ಅಲ್ಪ.

ಆಪರೇಶನ್ ಕೋಣೆಯಲ್ಲಿ ಇದನ್ನು ನೋಡಬೇಕು, ಅಲ್ಲ, ಕೇಳಬೇಕು. ವಿಕಿರಣ ಇದ್ದಲ್ಲಿ ಸದ್ದು ಮಾಡುವ, ದಪ್ಪ ಪೆನ್ನಿನಂಥ ಗಾಮಾ ಪ್ರೋಬನ್ನು ಕಂಕುಳ ಮೇಲೆ ಆಡಿಸಿದರೆ ಮೊದಲು ಬಿಡಿಬಿಡಿಯಾಗಿ ಟಿಕ್ ಟಿಕ್, ಗ್ರಂಥಿಯ ಮೇಲೆ ಬಂದ ಕೂಡಲೇ ಹುರಿಯುವ ಜೋಳದ ಅರಳಿನ ಹಾಗೆ ಒಂದೇ ಸಮ ಸದ್ದು. ಜೊತೆಗೆ ನೀಲಿ ಬಣ್ಣವನ್ನೂ ಹಾಕಿದ್ದರೆ ಕೊಯ್ದ ಜಾಗದಲ್ಲಿ ದಾರದಂಥ ನೀಲಿ ಗೆರೆ ಕಾಣುತ್ತದೆ, ಅದರ ತುದಿಯಲ್ಲಿ ಅವರೆಕಾಳಿನಷ್ಟು ನೀಲಿ ಗ್ರಂಥಿ. ಪ್ರೋಬ್ ಇಲ್ಲದ ಕಡೆ ಬರೀ ಬಣ್ಣದಿಂದಲೇ ಹುಡುಕುವುದೂ ಉಂಟು. ಬಣ್ಣ ಹಾಕಿದ್ದರೆ ಒಂದೆರಡು ದಿನ ಮೂತ್ರ ಹಸಿರು-ನೀಲಿಯಾಗಿ ಬರುತ್ತದೆ, ಅವ್ವನವರಿಗೆ ಮೊದಲೇ ಹೇಳಿಟ್ಟಿರಿ, ಗಾಬರಿಯಾದಾರು.

ಇಷ್ಟೆಲ್ಲ ಆದ ಮೇಲೂ ಸದ್ದು ಮಾಡಿದ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ಕಣಕ್ಕೆ ಗೊತ್ತಿಲ್ಲ. ಅದು ದಾರಿ ತೋರಿಸಿತು, ಅಷ್ಟೇ. ಗ್ರಂಥಿಯನ್ನು ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ನೋಡುವ ಪೆಥಾಲಜಿಸ್ಟ್ ಹೇಳಿದ್ದೇ ಕೊನೆಯ ಮಾತು. ಕಂಕುಳ ಗಂಟಿಗೆ ಈಗಾಗಲೇ ಸೂಜಿ ಹಾಕಿ ಕ್ಯಾನ್ಸರ್ ಅಂತ ಬಂದಿದ್ದರೆ ಲೆಕ್ಕವೇ ಬೇರೆ. ಹಾಗಾಗಿ ನಿಮ್ಮ ಸರ್ಜನ್ ಹತ್ತಿರ ಒಂದೇ ಪ್ರಶ್ನೆ ಕೇಳಿ: "ಅವ್ವಗ ಸೆಂಟಿನೆಲ್ ನೋಡ್ ಮಾಡ್ತೀರೇನ್ರಿ, ಇಲ್ಲಾಂದ್ರ ಯಾಕ?"

"ನಾನು ಭೌತಶಾಸ್ತ್ರದ ಮೇಷ್ಟ್ರು. ಇಪ್ಪತ್ತು ವರ್ಷದಿಂದ ಕಬ್ಬಿಣದ ನ್ಯಾನೋ ಕಣ, ಚಿನ್ನದ ಕಣ, ಕ್ವಾಂಟಂ ಡಾಟ್ ಅಂತ ಓದುತ್ತಲೇ ಇದ್ದೇನೆ. ಕ್ಯಾನ್ಸರ್ ಹುಡುಕಲು ಅವು ನಮ್ಮ ಆಸ್ಪತ್ರೆಗಳಿಗೆ ಏಕೆ ಬಂದಿಲ್ಲ?" – ವಿಜಯಪುರದ ಓದುಗರು

ಮೇಷ್ಟ್ರೇ, ಕಬ್ಬಿಣ ಬಂದೂ ಹೋಯಿತು. ಕಬ್ಬಿಣದ ಆಕ್ಸೈಡ್ ಕಣಗಳ ಫೆರಿಡೆಕ್ಸ್ ಎಂಬ ಔಷಧಿಗೆ 1996ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು, ಯಕೃತ್ತಿನ ಎಂಆರ್ಐಗಾಗಿ. ಅದು ಕೆಲಸ ಮಾಡುತ್ತಿದ್ದ ರೀತಿ ನಿಮ್ಮ ಮಕ್ಕಳಿಗೆ ಹೇಳುವಂಥದ್ದು. ಆರೋಗ್ಯವಂತ ಯಕೃತ್ತಿನಲ್ಲಿ ಕುಪ್ಫರ್ ಕೋಶಗಳೆಂಬ ಕಾವಲುಗಾರರಿದ್ದಾರೆ. ರಕ್ತದಲ್ಲಿ ಬಂದ ಕಬ್ಬಿಣದ ಕಣಗಳನ್ನು ಅವು ಗಬಗಬ ನುಂಗುತ್ತವೆ. ಕಬ್ಬಿಣ ಸುತ್ತಲಿನ ಕಾಂತಕ್ಷೇತ್ರವನ್ನು ಕೆಡಿಸುವುದರಿಂದ ಎಂಆರ್ಐ ಚಿತ್ರದಲ್ಲಿ ಆ ಭಾಗ ಕಪ್ಪಾಗುತ್ತದೆ. ಬೇರೆ ಕಡೆಯಿಂದ ಬಂದು ನೆಲೆಸಿದ ಗಡ್ಡೆಯಲ್ಲಿ ಆ ಕಾವಲುಗಾರರೇ ಇಲ್ಲ, ಅದು ಬೆಳ್ಳಗೇ ಉಳಿಯುತ್ತದೆ. ಡೋಣಿ ಸೀಮೆಯ ಎರೆ ಹೊಲ ಮಳೆ ಬಿದ್ದಾಗ ಇನ್ನಷ್ಟು ಕಪ್ಪಾಗಿ, ನಡುವಿನ ಸುಣ್ಣಕಲ್ಲು ಎದ್ದು ಕಾಣುವುದಿಲ್ಲವೇ, ಹಾಗೆ. ಸಂದೇಶ ಬರೆದವರಿಗೆ ಇದೇ ತಿಳಿದಿಲ್ಲ: ಇಲ್ಲಿ ಕಣ ಹೋದದ್ದು ಒಳ್ಳೆಯ ಮಾಂಸಕ್ಕೆ. ಕ್ಯಾನ್ಸರ್ ಎಂದರೆ ಕಣ ಹೋಗದೆ ಉಳಿದ ಜಾಗ.

ಮುಂದೆ ಯಕೃತ್ತಿಗೆಂದೇ ಮಾಡಿದ ಗ್ಯಾಡೊಲಿನಿಯಂ ಔಷಧಿಗಳು ಬಂದವು, ಬಳಸಲು ಸಲೀಸು. ಫೆರಿಡೆಕ್ಸ್ ಹನ್ನೆರಡು-ಹದಿಮೂರು ವರ್ಷದಲ್ಲಿ ಅಂಗಡಿ ಮುಚ್ಚಿತು. ನನಗೆ ಹೆಚ್ಚು ಬೇಸರ ತಂದದ್ದು ಅದರ ತಮ್ಮ ಫೆರುಮಾಕ್ಸ್‌ಟ್ರಾನ್‌ನ ಕಥೆ. 2003ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ 80 ರೋಗಿಗಳಲ್ಲಿ ಅದನ್ನು ಪರೀಕ್ಷಿಸಿದ ವರದಿ ಬಂತು. ಕ್ಯಾನ್ಸರ್ ಸೇರಿದ್ದ ದುಗ್ಧಗ್ರಂಥಿಗಳಲ್ಲಿ ಮಾಮೂಲಿ ಎಂಆರ್ಐ ಹಿಡಿದದ್ದು ನೂರಕ್ಕೆ 35ರಷ್ಟು, ಕಣ ಹಾಕಿ ತೆಗೆದ ಎಂಆರ್ಐ ಹಿಡಿದದ್ದು ನೂರಕ್ಕೆ 90. ಆದರೂ ಅಮೆರಿಕದ ಒಪ್ಪಿಗೆ ದಕ್ಕಲಿಲ್ಲ. ಒಂದು ಚಿತ್ರಕ್ಕೆ ಒಂದು ಸಲ ಮಾತ್ರ ಬೇಕಾಗುವ ಔಷಧಿಗೆ ಕಂಪನಿಗಳು ಹಣ ಸುರಿಯುವುದು ಕಷ್ಟ, ದಿನಾ ನುಂಗುವ ಮಾತ್ರೆಯ ವ್ಯಾಪಾರವೇ ಬೇರೆ.

ಉಳಿದ ಕಣಗಳ ಗೋಳು ಕಾಲುವೆಯ ಗೋಳು. ಗಡ್ಡೆಯ ರಕ್ತನಾಳಗಳು ಸೋರುತ್ತವೆ, ಆದ್ದರಿಂದ ಕಣಗಳು ಅಲ್ಲಿ ಹೆಚ್ಚು ನಿಲ್ಲುತ್ತವೆ ಎಂದು 1986ರಲ್ಲಿ ಜಪಾನಿನ ಮಾತ್ಸುಮುರಾ ಮತ್ತು ಮಯೆದಾ ತೋರಿಸಿದರು. ಎಲ್ಲರೂ ಅದನ್ನೇ ನಂಬಿ ಹೊರಟರು. ಮೂವತ್ತು ವರ್ಷದ ಮೇಲೆ, 2016ರಲ್ಲಿ, ಟೊರೊಂಟೊದ ತಂಡವೊಂದು ಹಳೆಯ ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ ಲೆಕ್ಕ ತೆಗೆಯಿತು. ಪ್ರಾಣಿಗಳಿಗೆ ಚುಚ್ಚಿದ ಕಣಗಳಲ್ಲಿ ಗಡ್ಡೆಗೆ ಮುಟ್ಟಿದ್ದು, ಮಧ್ಯಾಂಕದ ಲೆಕ್ಕದಲ್ಲಿ, ಶೇಕಡಾ 0.7. ಆಲಮಟ್ಟಿಯಿಂದ ನೀರು ಬಿಟ್ಟ ಸುದ್ದಿ ಪೇಪರಿನಲ್ಲಿ ಬಂದರೂ ಟೇಲ್ ಎಂಡ್ ರೈತನ ಹೊಲ ಒಣಗಿಯೇ ಇರುತ್ತದೆ. ಇಲ್ಲಿ ಮೇಲಿನವರು ಪಂಪ್ ಹಚ್ಚಿ ಎಳೆದುಕೊಂಡ ಹಾಗೆ ಯಕೃತ್ತು, ಗುಲ್ಮ ಎರಡೇ ಬಹುಪಾಲನ್ನು ನುಂಗಿಬಿಡುತ್ತವೆ.

ಕ್ವಾಂಟಂ ಡಾಟ್ ಎಂಬ, ಬೆಳಕು ಬಿದ್ದರೆ ಹೊಳೆಯುವ ನ್ಯಾನೋ ಕಣಕ್ಕೆ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು, ಪ್ರಯೋಗಾಲಯದಲ್ಲಿ ಅದರ ಹೊಳಪಿಗೆ ಸಾಟಿಯಿಲ್ಲ. ಆದರೆ ಪ್ರಸಿದ್ಧವಾದವುಗಳಲ್ಲಿ ಬಹಳಷ್ಟು ಕ್ಯಾಡ್ಮಿಯಂನಿಂದ ಮಾಡಿದವು, ಅದನ್ನು ಮನುಷ್ಯರಿಗೆ ಚುಚ್ಚಲು ನಾನಂತೂ ಕೈಯೆತ್ತುವುದಿಲ್ಲ. ಮೂತ್ರಪಿಂಡದ ಮೂಲಕ ಕಣ ಹೊರಗೆ ಹೋಗಬೇಕೆಂದರೆ ಅದರ ಗಾತ್ರ 5-6 ನ್ಯಾನೋಮೀಟರ್ ಮೀರಬಾರದು. ಕಾರ್ನೆಲ್ ವಿಶ್ವವಿದ್ಯಾಲಯದವರು ಸಿಲಿಕಾದಲ್ಲಿ ಸುಮಾರು ಆ ಅಳತೆಯ ಕಣ ಮಾಡಿ ಮನುಷ್ಯರಲ್ಲಿ ಪರೀಕ್ಷೆಗೂ ಇಳಿದಿದ್ದಾರೆ. ನಾನು ಕಣ್ಣಿಟ್ಟಿರುವುದು ಅದರ ಮೇಲೆ. ಕಬ್ಬಿಣದ್ದು ಸುಲಭ, ದೇಹ ಅದನ್ನು ಕರಗಿಸಿ ರಕ್ತ ಮಾಡಿಕೊಳ್ಳುತ್ತದೆ. ಫೆರುಮಾಕ್ಸಿಟಾಲ್ ಎಂಬ ಕಣ 2009ರಿಂದ ಅಮೆರಿಕದಲ್ಲಿ ರಕ್ತಹೀನತೆಯ ಔಷಧಿಯೇ ಆಗಿದೆ, ಎಂಆರ್ಐನವರು ಅದನ್ನೇ ಎರವಲು ಪಡೆದು ಬಳಸುತ್ತಾರೆ. ಅದಕ್ಕೂ ತೀವ್ರ ಅಲರ್ಜಿಯ ಎಚ್ಚರಿಕೆಯನ್ನು 2015ರಲ್ಲಿ ಬಿಗಿಗೊಳಿಸಿದರು.

"ಸ್ವರ್ಣ ಭಸ್ಮದಾಗ ನ್ಯಾನೋ ಚಿನ್ನ ಇರತೈತಂತ. ಅದನ್ನ ತಗೊಂಡ್ರ ಸ್ಕ್ಯಾನ್‌ದಾಗ ಗಂಟು ಚಂದ ಕಾಣತೈತೇನ್ರಿ?" – ಜಮಖಂಡಿಯ ಓದುಗರು

ಕಾಣುವುದಿಲ್ಲ. ಚಿನ್ನದ ಪರಮಾಣು ಭಾರವಾದದ್ದು, ಸಿಟಿ ಸ್ಕ್ಯಾನಿಗೆ ಸಾಮಾನ್ಯವಾಗಿ ಚುಚ್ಚುವ ಅಯೋಡಿನ್‌ಗಿಂತ ಚೆನ್ನಾಗಿ ಎಕ್ಸ್-ರೇ ತಡೆಯುತ್ತದೆ, ಅದು ನಿಜ. ಆದರೆ ಸಿಟಿಯಲ್ಲಿ ಕಾಣಬೇಕಾದರೆ ಅದು ಗ್ರಾಂಗಟ್ಟಲೆ ರಕ್ತದೊಳಗೆ ಹರಿಯಬೇಕು. ಬೆರಳ ತುದಿಯ ಭಸ್ಮ ಜೇನಿನಲ್ಲಿ ನೆಕ್ಕಿದರೆ ಆ ಕೆಲಸವಾಗದು. ತೆಗೆದುಕೊಳ್ಳುತ್ತಿದ್ದರೆ ಮಾತ್ರ ನಿಮ್ಮ ಡಾಕ್ಟರಿಂದ ಮುಚ್ಚಿಡಬೇಡಿ.

"ಪೆಟ್ ಸ್ಕ್ಯಾನ್ ಅಂದ್ರ ಇದೇ ನ್ಯಾನೋ ಸ್ಕ್ಯಾನ್ ಏನ್ರಿ? ನನಗ ಶುಗರ್ ಐತಿ." – ಇಳಕಲ್ಲಿನ ಓದುಗರು

ಅಲ್ಲ. ಪೆಟ್‌ಗೆ ಹೆಚ್ಚಾಗಿ ಹಾಕುವುದು ಫ್ಲೋರಿನ್-18 ಅಂಟಿಸಿದ ಸಕ್ಕರೆಯ ಅಣು, ನ್ಯಾನೋ ಕಣಕ್ಕಿಂತ ಎಷ್ಟೋ ಚಿಕ್ಕದು. ಹಸಿದ ಕ್ಯಾನ್ಸರ್ ಕೋಶ ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುತ್ತದೆ ಎಂಬುದೇ ಅದರ ಉಪಾಯ. ಕೀವಾದ ಗಾಯ, ಕ್ಷಯದ ಗಂಟು ಕೂಡ ಎಳೆದುಕೊಳ್ಳುತ್ತವೆ, ಆದ್ದರಿಂದ ಅಲ್ಲಿ ಹೊಳೆದದ್ದೆಲ್ಲ ಕ್ಯಾನ್ಸರಲ್ಲ. ಔಷಧಿ 110 ನಿಮಿಷಕ್ಕೊಮ್ಮೆ ಅರ್ಧವಾಗುತ್ತದೆ. ಬೆಂಗಳೂರಿಂದ ರಸ್ತೆಯಲ್ಲಿ ಒಂಬತ್ತು ತಾಸು ಬಂದರೆ ಉಳಿಯುವುದು ಮೂವತ್ತರಲ್ಲಿ ಒಂದು ಪಾಲು. ಅದಕ್ಕೇ ಹೇಳಿದ ತಾಸಿಗೆ ಸರಿಯಾಗಿ ಹೋಗಬೇಕು. ಶುಗರ್ ಇರುವುದನ್ನು ಹೆಸರು ಹಚ್ಚುವಾಗಲೇ ಹೇಳಿ, ಉಪವಾಸ ಎಷ್ಟು ತಾಸು, ಇನ್ಸುಲಿನ್ ಯಾವಾಗ ಎಂದು ಅವರಿಂದಲೇ ಬರೆಸಿಕೊಳ್ಳಿ. ಸ್ಕ್ಯಾನಿಗೆ ಸ್ವಲ್ಪ ಮುಂಚೆ ಇನ್ಸುಲಿನ್ ತೆಗೆದುಕೊಂಡರೆ ಆ ಸಕ್ಕರೆಯೆಲ್ಲ ಸ್ನಾಯುಗಳಿಗೆ ಹೋಗಿ ಚಿತ್ರ ಕೆಡುತ್ತದೆ. ನೀವಾಗಿಯೇ ಇನ್ಸುಲಿನ್ ಬಿಡುವುದೂ ಬೇಡ.

"ಗಲ್ಲದ ಒಳಗ ಬಿಳಿ ಕಲೆ, ನಡುವ ಹುಣ್ಣು, ಎರಡು ತಿಂಗಳಾತು. ತಂಬಾಕು ಹಾಕತೇನಿ. ನ್ಯಾನೋ ಸ್ಕ್ಯಾನ್ ಮಾಡಿಸಲೇನು?" – ನಿಪ್ಪಾಣಿಯ ಓದುಗರು

ಇದಕ್ಕೆ ಬೇಕಾದದ್ದು ಒಂದು ಟಾರ್ಚು. ಬಾಯಿ ತೆರೆದರೆ ಕಣ್ಣಿಗೇ ಕಾಣುವ ಜಾಗ ಅದು, ಹುಡುಕಲು ಕಣ ಏಕೆ? ಬಾಯಿಯ ಹುಣ್ಣು ಮೂರು ವಾರ ದಾಟಿದರೆ ತೋರಿಸಲೇಬೇಕು, ನೀವು ಎರಡು ತಿಂಗಳು ಕಾದಿದ್ದೀರಿ. ಈ ವಾರವೇ ದಂತವೈದ್ಯರ ಬಳಿಯಾದರೂ ಸರಿ, ಕಿವಿ-ಮೂಗು-ಗಂಟಲು ವೈದ್ಯರ ಬಳಿಯಾದರೂ ಸರಿ, ಹೋಗಿ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಜುಮ್ಮೆನ್ನಿಸುವ ಸೂಜಿ ಕೊಟ್ಟು ಹುಣ್ಣಿನ ಅಂಚಿನಿಂದ ಜೋಳದ ಕಾಳಿನಷ್ಟು ತುಣುಕು ತೆಗೆಯುತ್ತಾರೆ. ಎರಡು ದಿನ ಖಾರದ ಚಟ್ನಿ ಬಿಟ್ಟು ಮಜ್ಜಿಗೆ-ಅನ್ನ ಉಂಡರಾಯಿತು. ಹೋಗುವಾಗ ಕಿಸೆಯಲ್ಲಿರುವ ತಂಬಾಕಿನ ಚೀಟನ್ನೂ ಡಾಕ್ಟರ ಮೇಜಿನ ಮೇಲಿಡಿ, ದಿನಕ್ಕೆ ಎಷ್ಟು, ಯಾವ ಗಲ್ಲಕ್ಕೆ ಎಂದು ಅವರು ಕೇಳುತ್ತಾರೆ.