ಕಣ್ಣಿನ ಫಂಗಸ್ ಹುಣ್ಣಿಗೆ ನಟಾಮೈಸಿನ್‌ಗಿಂತ ಒಳ್ಳೆಯ ಹೊಸ ಔಷಧಿ ಇದೆಯಾ?

ಅಪ್ಪಯ್ಯನಿಗೆ ಕೊಟ್ಟ ಹನಿಯನ್ನು ದಯವಿಟ್ಟು ಬದಲಿಸಬೇಡಿ. ತೋಟದಲ್ಲಿ ಸೋಗೆ ತಾಗಿ ಕರಿಗುಡ್ಡೆಯಲ್ಲಿ ಹುಣ್ಣಾಗಿದೆ, ಶಿರಸಿಯ ಡಾಕ್ಟರು ಫಂಗಸ್ ಅಂತ ಹೇಳಿ ನಟಾಮೈಸಿನ್ ಬರೆದಿದ್ದಾರೆ, ಅದು ಹಳೇ ಔಷಧಿಯಂತೆ, ಹೊಸದು ಬಂದಿಲ್ವಾ ಅಂತ ಕೇಳಿದ್ದೀರಿ. ಹೊಸದು ಬಂದಿದೆ. ಆದರೆ ಪರೀಕ್ಷೆಯಲ್ಲಿ ಗೆದ್ದದ್ದು ಹಳೆಯದೇ.

ನಾನು ಕುಮಟಾದಲ್ಲಿ ಆಪ್ಟೋಮೆಟ್ರಿಸ್ಟ್. ಕೊಯ್ಲಿನ ಸಮಯದಲ್ಲಿ ನಮ್ಮಲ್ಲಿ ಇಂಥ ಕಣ್ಣುಗಳೇ ಜಾಸ್ತಿ. ಭತ್ತದ ಹೊಟ್ಟು, ಅಡಿಕೆ ಸಿಪ್ಪೆ, ಬೆಟ್ಟದ ಸೊಪ್ಪು, ಎಲ್ಲದರಲ್ಲೂ ಫಂಗಸ್ ಇರುತ್ತದೆ. ಕಣ್ಣು ಗೀರಿದರೆ ಅದಕ್ಕೆ ಒಳಗೆ ಹೋಗಲು ದಾರಿ ಸಿಕ್ಕಂತೆ.

ವೋರಿಕೊನಝೋಲ್ ಅನ್ನುವ ಹೊಸ ಫಂಗಸ್ ಔಷಧಿ ಬಂದಾಗ ಅದರ ಮೇಲೆ ಬಹಳ ಜನರಿಗೆ ಭರವಸೆಯಿತ್ತು. ತಮಿಳುನಾಡಿನ ಅರವಿಂದ ಕಣ್ಣಿನ ಆಸ್ಪತ್ರೆ ಮತ್ತು ಅಮೆರಿಕದ ಸಂಶೋಧಕರು ಸೇರಿ 323 ರೋಗಿಗಳಲ್ಲಿ ಎರಡೂ ಹನಿಗಳನ್ನು ಹೋಲಿಸಿ ನೋಡಿದರು. 2013ರಲ್ಲಿ ಫಲಿತಾಂಶ ಬಂತು. ನಟಾಮೈಸಿನ್ ಹಾಕಿದವರಿಗೆ ದೃಷ್ಟಿ ಚೆನ್ನಾಗಿ ಮರಳಿತ್ತು. ಕರಿಗುಡ್ಡೆ ತೂತಾಗಿದ್ದು, ಕಸಿ ಮಾಡಬೇಕಾಗಿ ಬಂದಿದ್ದು ಅವರಲ್ಲಿ ಕಡಿಮೆ. ಫ್ಯುಸೇರಿಯಂ ಅನ್ನುವ ಫಂಗಸ್‌ನಲ್ಲಂತೂ ಬಹಳ ವ್ಯತ್ಯಾಸವಿತ್ತು. ಆಮೇಲೆ ಹುಣ್ಣು ಜೋರಾಗಿದ್ದ 240 ಜನರ ಪರೀಕ್ಷೆಯಲ್ಲಿ, ವೋರಿಕೊನಝೋಲ್ ಮಾತ್ರೆಯನ್ನೂ ಕೊಟ್ಟು ನೋಡಿದರು. ಒಟ್ಟಾರೆ ಲಾಭ ಕಾಣಲಿಲ್ಲ, ಅಡ್ಡಪರಿಣಾಮ ಹೆಚ್ಚಾಯಿತು. ನೇಪಾಳದಲ್ಲಿ ಅಗ್ಗದ ಕ್ಲೋರ್‌ಹೆಕ್ಸಿಡಿನ್ ಹನಿಯ ಜೊತೆ ಹೋಲಿಸಿದಾಗಲೂ ನಟಾಮೈಸಿನ್ನೇ ಮೇಲಾಯಿತು.

ಆದರೆ ಹಾಕುವ ರೀತಿ ಸರಿಯಿರಬೇಕು. ಬಾಟಲಿಯನ್ನು ಸುಮ್ನೆ ಇಟ್ಟರೆ ಔಷಧಿ ತಳದಲ್ಲಿ ಬಿಳಿ ಪುಡಿಯಾಗಿ ಕೂರುತ್ತದೆ, ಮೇಲೆ ಬರೀ ನೀರು. ಪ್ರತಿ ಸಲ ಹಾಲಿನ ಹಾಗೆ ಆಗುವ ತನಕ ಕುಲುಕಿ. ಹಾಕಿದ ಮೇಲೆ ರೆಪ್ಪೆಯ ಅಂಚಿನಲ್ಲಿ ಬಿಳಿ ಕೂತರೆ ಅದು ಕೀವಲ್ಲ, ಔಷಧಿಯೇ. ಶುರುವಿನಲ್ಲಿ ಎಚ್ಚರವಿದ್ದಷ್ಟು ಹೊತ್ತೂ ಗಂಟೆಗೊಮ್ಮೆ ಹಾಕಿಸುವುದು ರೂಢಿ. ತೋಟದ ಕೆಲಸದ ನಡುವೆ ತಪ್ಪಿಹೋಗುತ್ತದೆ, ಹಾಗಾಗಿ ಮನೆಯಲ್ಲಿ ಒಬ್ಬರು ಅದನ್ನೇ ನೋಡಿಕೊಳ್ಳಿ. ಈ ಔಷಧಿ ಆಳಕ್ಕೆ ಇಳಿಯುವುದು ಕಷ್ಟ, ಅದಕ್ಕೇ ಡಾಕ್ಟರು ಹುಣ್ಣಿನ ಮೇಲ್ಭಾಗ ಕೆರೆದು ತೆಗೆಯಬಹುದು. ಹೆದರಬೇಡಿ.

ಮನೆಯಲ್ಲಿ ಉಳಿದ, ಅಂಗಡಿಯವರು ಕೊಟ್ಟ ಕೆಂಪುಕಣ್ಣಿನ ಹನಿ ಮಾತ್ರ ಬೇಡವೇ ಬೇಡ. ಸ್ಟೀರಾಯ್ಡ್ ಇದ್ದರೆ ಎರಡು ದಿನ ಕೆಂಪು ಇಳಿಯುತ್ತದೆ, ಒಳಗೆ ಫಂಗಸ್ ಹಬ್ಬುತ್ತಾ ಹೋಗುತ್ತದೆ. ನಂದಿಬಟ್ಟಲು ಹೂವಿನ ರಸ, ಜೇನುತುಪ್ಪವೂ ಬೇಡ. ಇನ್ನು ಮುಂದೆ ಮನೆಯಲ್ಲಿ ಯಾರ ಕಣ್ಣಿಗೆ ಗೀರಿದರೂ ಅವತ್ತೇ ತೋರಿಸಿ. ನೇಪಾಳದ ಭಕ್ತಪುರದಲ್ಲಿ ಗೀರಿದ 18 ಗಂಟೆಯೊಳಗೆ ಆಂಟಿಬಯೋಟಿಕ್ ಮುಲಾಮು ಹಚ್ಚಿಸಿಕೊಂಡವರಲ್ಲಿ ಯಾರಿಗೂ ಹುಣ್ಣಾಗಲಿಲ್ಲ.

ಅಪ್ಪಯ್ಯನಿಗೆ ನೋವು ಏರುತ್ತಿದ್ದರೆ, ಬಿಳಿ ಕಲೆ ದೊಡ್ಡದಾದರೆ, ಕಣ್ಣಿನಿಂದ ಒಮ್ಮೆಲೇ ನೀರು ಹರಿದು ದೃಷ್ಟಿ ಕುಸಿದರೆ ಮುಂದಿನ ತಾರೀಖಿಗೆ ಕಾಯಬೇಡಿ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಅವತ್ತೇ ಹೊರಡಿ. ಹಾಕುತ್ತಿರುವ ಹನಿ, ಡಾಕ್ಟರ ಚೀಟಿ, ಲ್ಯಾಬ್ ರಿಪೋರ್ಟು ಜೊತೆಗಿರಲಿ.