ಎಕ್ಸ್‌ಚೇಂಜಿನ ಯಜಮಾನ ಮೊದಲು ಏನು ಮಾಡಿಕೊಂಡಿದ್ದ?

ಪ್ರಶ್ನೆ: ನಮ್ಮ ಭಾವ ಮಲ್ಪೆಯಲ್ಲಿದ್ದ ಬೋಟಿನ ಪಾಲು ಮಾರಿ ಬಂದ ನಾಲ್ಕು ಲಕ್ಷವನ್ನು ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣ ಕೊಂಡು ಮಾರುವ ಒಂದು ಕ್ರಿಪ್ಟೊ ಎಕ್ಸ್‌ಚೇಂಜಿಗೆ ಹಾಕಿದ್ದಾರೆ. ನಮ್ಮನ್ನೂ ಹಾಕಲು ಒತ್ತಾಯಿಸುತ್ತಿದ್ದಾರೆ. ಮಂಗಳೂರಿನ ಹೋಟೆಲೊಂದರಲ್ಲಿ ಆ ಎಕ್ಸ್‌ಚೇಂಜಿನವರ ಮೀಟಿಂಗ್ ಇತ್ತು. ಯಜಮಾನನ ಹೆಸರು ಹಾಕಿ ಹುಡುಕಿದರೆ ಎರಡು ವರ್ಷದ ಹಿಂದಿನದ್ದು ಎಂತದೂ ಸಿಗುವುದಿಲ್ಲ. ಅದನ್ನೇ ಕೇಳಿದ್ದಕ್ಕೆ ‘ನೆಗೆಟಿವ್ ಯೋಚನೆ ಬೇಡ ಅಕ್ಕ’ ಎಂದು ಕೂರಿಸಿದರು. ಭಾವನಿಗೂ ಸಿಟ್ಟು. ನಾನು ಕೇಳಿದ್ದು ತಪ್ಪಾ?
– ಓದುಗರೊಬ್ಬರು, ಕಾಪು

ಉತ್ತರ: ತಪ್ಪಲ್ಲ. ಆ ಬೋಟಿನ ಪಾಲು ತೆಗೆದುಕೊಳ್ಳುವಾಗ ನಿಮ್ಮ ಭಾವ ಹಳೆಯ ಮಾಲೀಕ ಯಾರು, ಬ್ಯಾಂಕಿನ ಸಾಲ ಬಾಕಿ ಇದೆಯಾ ಎಂದು ವಿಚಾರಿಸದೆ ಇದ್ದಿರಲಿಕ್ಕಿಲ್ಲ. 1928ರಲ್ಲಿ ಉಡುಪಿಯಲ್ಲಿ ಪಿಗ್ಮಿ ಉಳಿತಾಯ ಶುರುವಾದಾಗ ದಿನಕ್ಕೆ ಎರಡಾಣೆ ಕೊಡುವವರೂ ವಸೂಲಿಗೆ ಬರುವವನ ಮುಖ ನೋಡಿಯೇ ಕೊಡುತ್ತಿದ್ದರು.

ಕೆನಡಾದ ಕ್ವಾಡ್ರಿಗಾ ಎಂಬ ಎಕ್ಸ್‌ಚೇಂಜಿನ ಕಥೆ ನಿಮ್ಮ ಪ್ರಶ್ನೆಗೆ ಸರಿಯಾಗಿ ಹೊಂದುತ್ತದೆ. ಅದರ ಮುಖ್ಯಸ್ಥ ಜೆರಾಲ್ಡ್ ಕಾಟನ್ 2018ರ ಡಿಸೆಂಬರಿನಲ್ಲಿ ನಮ್ಮದೇ ದೇಶದ ಜೈಪುರದಲ್ಲಿ ತೀರಿಕೊಂಡ. ಕ್ರಿಪ್ಟೊ ತೆಗೆಯಲು ಬೇಕಾದ ಗುಪ್ತ ಡಿಜಿಟಲ್ ಕೀಲಿ ಅವನೊಬ್ಬನಲ್ಲೇ ಇತ್ತು, ಹಾಗಾಗಿ ದುಡ್ಡು ಸಿಗುತ್ತಿಲ್ಲ ಎಂದು ಸಂಸ್ಥೆಯವರು ಹೇಳಿದರು. ತನಿಖೆಯಾದಾಗ ಗೊತ್ತಾದದ್ದೇ ಬೇರೆ: ಸುಳ್ಳು ಹೆಸರಿನ ಖಾತೆಗಳಲ್ಲಿ ಇಲ್ಲದ ದುಡ್ಡನ್ನು ಇದೆಯೆಂದು ಬರೆದುಕೊಂಡು, ಗ್ರಾಹಕರ ಹಣದಲ್ಲಿ ಅವನೇ ವ್ಯಾಪಾರ ಆಡಿ ಕಳೆದಿದ್ದ. ಕೊರತೆ ಸುಮಾರು 16.9 ಕೋಟಿ ಕೆನಡಾ ಡಾಲರ್. ಅವನ ಜೊತೆ ಸಂಸ್ಥೆ ಕಟ್ಟಿದ ಮೈಕೆಲ್ ಪ್ಯಾಟ್ರಿನ್‌ನ ಹಳೆಯ ಹೆಸರು ಒಮರ್ ಧನಾನಿ. ಕದ್ದ ಕ್ರೆಡಿಟ್ ಕಾರ್ಡಿನ ವ್ಯವಹಾರದಲ್ಲಿ ಅಮೆರಿಕದಲ್ಲಿ ಜೈಲು ಕಂಡವನು. ಅದು ಪತ್ರಿಕೆಗಳಲ್ಲಿ ದೃಢಪಟ್ಟದ್ದು 2019ರಲ್ಲಿ, ಅಂದರೆ ಎಲ್ಲ ಮುಗಿದ ಮೇಲೆ.

ಹಾಗೆಂದು ಹಿನ್ನೆಲೆ ಚೆನ್ನಾಗಿದ್ದರೆ ಸಾಕು ಎಂದೂ ಅಲ್ಲ. ಎಫ್‌ಟಿಎಕ್ಸ್ ಎಂಬ ಇನ್ನೊಂದು ಎಕ್ಸ್‌ಚೇಂಜಿನ ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್ ಫ್ರೈಡ್ ಅಮೆರಿಕದ ಎಂಐಟಿಯಲ್ಲಿ ಓದಿದವನು, ತಂದೆ ತಾಯಿ ಇಬ್ಬರೂ ಕಾನೂನು ಪ್ರಾಧ್ಯಾಪಕರು. ಗ್ರಾಹಕರಿಗೆ ವಂಚಿಸಿದ್ದಕ್ಕೆ 2024ರಲ್ಲಿ ಅವನಿಗೆ 25 ವರ್ಷ ಜೈಲು ಶಿಕ್ಷೆಯಾಯಿತು. ಆದ್ದರಿಂದ ನಾನು ಮನುಷ್ಯನಿಗಿಂತ ಮೊದಲು ದುಡ್ಡು ಹೋಗುವ ದಾರಿಯನ್ನು ನೋಡುತ್ತೇನೆ.

ಭಾವ ಹಣ ಕಳಿಸಿದ್ದು ಯಾರ ಖಾತೆಗೆ? ಪಾಸ್‌ಬುಕ್ ತೆಗೆದು ನೋಡಿ. ಎಕ್ಸ್‌ಚೇಂಜಿನ ಹೆಸರಿನ ಬದಲು ಯಾವುದೋ ವ್ಯಕ್ತಿಯ ಅಥವಾ ಸಂಬಂಧವೇ ಇಲ್ಲದ ಟ್ರೇಡರ್ಸ್‌ನ ಹೆಸರಿದ್ದರೆ ಅಲ್ಲಿಗೆ ನಿಲ್ಲಿಸಿ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿ ಯಾವಾಗ ನೋಂದಣಿಯಾಯಿತು, ನಿರ್ದೇಶಕರು ಯಾರು ಎಂಬುದು ಸಿಗುತ್ತದೆ. ಮೀಟಿಂಗಿನಲ್ಲಿ ಫ್ರೇಮ್ ಹಾಕಿಸಿ ತೋರಿಸುವ ನೋಂದಣಿ ಪತ್ರ ಮಾತ್ರ ಲೈಸೆನ್ಸ್ ಅಲ್ಲ, ಒಂದು ದಿನಸಿ ಅಂಗಡಿಯ ಕಂಪನಿಗೂ ಅದು ಸಿಗುತ್ತದೆ.

ಭಾರತದಲ್ಲಿ ಸೇವೆ ಕೊಡುವ ಎಕ್ಸ್‌ಚೇಂಜುಗಳು 2023ರ ಮಾರ್ಚಿನಿಂದ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ಬರುತ್ತವೆ, ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಬೇಕು. ಆ ನೋಂದಣಿ ಇದ್ದರೂ ನಿಮ್ಮ ದುಡ್ಡಿಗೆ ಸರ್ಕಾರ ಜಾಮೀನಲ್ಲ. ಇನ್ನೊಂದು, ಇದನ್ನು ನಮ್ಮ ಕಚೇರಿಗೆ ಬಂದವರಿಗೆಲ್ಲ ಹೇಳುತ್ತೇನೆ: 2022ರ ಜುಲೈನಿಂದ ಕ್ರಿಪ್ಟೊ ಮಾರಾಟಕ್ಕೆ ಶೇ 1 ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ ಇದೆ. ಭಾವ ದೊಡ್ಡ ಮೊತ್ತಕ್ಕೆ ಮಾರಿದ್ದಾಗಿ ಆ್ಯಪ್ ತೋರಿಸಿ, ಅವರ ಪ್ಯಾನ್‌ನ ತೆರಿಗೆ ವಿವರದಲ್ಲಿ ಅದರ ಸುಳಿವೇ ಇಲ್ಲದಿದ್ದರೆ, ಆ ವ್ಯಾಪಾರ ಪರದೆಯ ಮೇಲೆ ಮಾತ್ರ ನಡೆದಿರುವ ಸಾಧ್ಯತೆ ಹೆಚ್ಚು.

ಭಾವನ ಜೊತೆ ಜಗಳ ಬೇಡ. ‘ಎರಡು ಲಕ್ಷ ವಾಪಸ್ ತೆಗೆದು ತೋರಿಸಿ’ ಎನ್ನಿ. ಐದು ಸಾವಿರ ಬಂತೆಂದು ಹೇಳಿದರೆ ಒಪ್ಪಬೇಡಿ, ಅಷ್ಟನ್ನು ವಂಚಕರೂ ಖುಷಿಯಿಂದ ಕೊಡುತ್ತಾರೆ. ‘ಮೊದಲು ಟ್ಯಾಕ್ಸ್ ಕಟ್ಟಿ, ಆಮೇಲೆ ಹಣ ಬಿಡುತ್ತೇವೆ’ ಎಂಬ ಸಂದೇಶ ಬಂದರೆ ಒಂದು ರೂಪಾಯಿಯನ್ನೂ ಕಟ್ಟದೆ, ಅವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಪಾಸ್‌ಬುಕ್ಕಿನ ಆ ಪುಟ ಮತ್ತು ಮೀಟಿಂಗಿಗೆ ಕರೆದ ವಾಟ್ಸ್‌ಆ್ಯಪ್ ಸಂದೇಶವನ್ನು ಈಗಲೇ ತೆಗೆದಿಟ್ಟುಕೊಳ್ಳಿ.